ಸುಮ್ಮನಿರಬೇಕಾದವರ ಗುನುಗು

ಕಂಬಳಿಯೊಳಗಿನ ಗುಂಯ್ ಸದ್ದು ತಮ್ಮ ಗಂಡನ ಮೂಗಿನಿಂದಲೇ ಬರುತ್ತಿದೆ ಎಂದು ಖಾತ್ರಿಯಾದ ಮೇಲೂ ದೊಡ್ಡಮ್ಮ ಒಂದು ಗಳಿಗೆ ಅಲ್ಲಾಡದೆ ನಿಂತರು. ಗೂಢಚಾರನಾಗಿ ಕಳಿಸಿದ ಮನುಷ್ಯನೇ ಎದುರಾಳಿಗಳ ಜೊತೆ ಸೇರಿಕೊಂಡರೆ ಏನು ಮಾಡಬೇಕೆಂದು ವಿಮಾ ಕಂಪನಿಯ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಗುಂಯ್... ಎಂದು ಉದ್ದಕ್ಕೆ ಒಂದು. ಆಮೇಲೆ ಗುಂ, ಗುಂ ಎಂದು ಚಿಕ್ಕದಾಗಿ ಎರಡು. ಸ್ವಲ್ಪ ಬಿಡುವು. ಮತ್ತೆ ಉದ್ದಕ್ಕೆ ಒಂದು.

ದೊಡ್ಡಮ್ಮ ಕಂಬಳಿಯ ತುದಿ ಹಿಡಿದು ಎಳೆದರು. ಒಳಗೆ ದೊಡ್ಡಪ್ಪ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಹುಬ್ಬು ಮೇಲೇರಿಸಿ, ಲೋಕವನ್ನೇ ಮರೆತಿದ್ದರು.

“ಏನ್ರೀ ಇದು?”

ದೊಡ್ಡಪ್ಪ ಕಣ್ಣು ಬಿಟ್ಟರು. ಹೆಂಡತಿಯ ಮುಖ ಕಂಡು ಗುನುಗು ಅರ್ಧಕ್ಕೆ ನಿಂತು, ಉಳಿದರ್ಧ ಗಂಟಲಲ್ಲಿ ಸಿಕ್ಕಿ ಕೆಮ್ಮಾಯಿತು.

“ಫೋನು ಕಣೇ,” ಎಂದರು. “ಸೈಲೆಂಟಲ್ಲಿ ಇಟ್ಟಿದ್ದೆ. ಯಾರೋ ಒಂದೇ ಸಮ ಮಾಡ್ತಿದಾರೆ.”

“ನಿಮ್ಮ ಫೋನು ನನ್ನ ಚೀಲದಲ್ಲಿದೆ.”

ದೊಡ್ಡಪ್ಪ ಯೋಚಿಸಿದರು. “ಹಾಗಾದ್ರೆ ಪಕ್ಕದವರದ್ದು.”

ಪಕ್ಕದ ಹಾಸಿಗೆಯ ಟೈಲರು ಆಗಲೇ ಗೊರಕೆ ಹೊಡೆಯಲು ಶುರುಮಾಡಿದ್ದರು. ಗೊರಕೆ ಚೆನ್ನಾಗಿಯೇ ಇತ್ತು. ಆದರೆ ಉದ್ದದ ಒಂದು ಗೊರಕೆಯ ಹಿಂದೆ ಚಿಕ್ಕವೆರಡು ತಾವಾಗಿಯೇ ಬಂದುಬಿಟ್ಟವು. ಅಭ್ಯಾಸಬಲ.

ದೊಡ್ಡಮ್ಮ ಪರದೆ ಎಳೆದು ಮಂಚದ ತುದಿಯಲ್ಲಿ ಕುಳಿತರು. ವಿಮಾ ಕಂಪನಿಯ ಕ್ಲೇಮು ವಿಚಾರಣೆಯಿಂದ ನಿವೃತ್ತರಾಗಿದ್ದ ಅವರನ್ನು ಈ ಆಸ್ಪತ್ರೆಗೆ ಕರೆಸಿದ್ದು ಅವರ ತಂಗಿಯ ಮಗಳು, ಅರಿವಳಿಕೆ ಡಾಕ್ಟರಾಗಿದ್ದ ಪುಟ್ಟಿ. ಅವಳ ಸಂಶೋಧನೆಯಲ್ಲಿ ಗುನುಗಬೇಕಾದ ರೋಗಿಗಳ ಕೋಣೆ ಒಂದು, ಸುಮ್ಮನಿರಬೇಕಾದವರ ಕೋಣೆ ಇನ್ನೊಂದು. ಸುಮ್ಮನಿರಬೇಕಾದವರಿಗೆ ಯಾರೋ ಕದ್ದು ಗುನುಗಲು ಕಲಿಸುತ್ತಿದ್ದಾರೆ ಎಂಬುದು ಅವಳ ಗುಮಾನಿ, ಯಾರು ಎಂಬುದೇ ಕೇಸು. ಆಪರೇಷನ್‌ಗೆ ಕಾದಿರುವ ಹೊಟ್ಟೆನೋವಿನ ರೋಗಿಯೆಂದು ದೊಡ್ಡಪ್ಪನನ್ನು ಇಲ್ಲಿ ಮಲಗಿಸಿದ್ದು ಅದಕ್ಕಾಗಿಯೇ.

“ಯಾರು ಕಲಿಸಿದ್ದು, ಹೇಳಿ.”

“ಹೇಳಕ್ಕಾಗಲ್ಲ. ಆಣೆ ಮಾಡಿದೀನಿ.”

“ಯಾರ ಮೇಲೆ?”

“ರೂಮಿನ ಮೇಲೆ.”

“ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗಿಂತ ಮೊನ್ನೆ ಸಿಕ್ಕಿದ ರೂಮು ಹೆಚ್ಚಾಯ್ತಾ ನಿಮಗೆ?”

ದೊಡ್ಡಪ್ಪ ತಲೆದಿಂಬನ್ನು ಸರಿಮಾಡಿಕೊಂಡರು. “ನಾನು ಜೋಕು ಹೇಳಿದ್ರೆ ಇವರೆಲ್ಲ ನಗ್ತಾರೆ ಕಣೇ,” ಎಂದರು ಮೆಲ್ಲಗೆ. “ಹೊಟ್ಟೆ ಹೊಲಿಗೆ ಹಿಡ್ಕೊಂಡು ನಗ್ತಾರೆ. ನೋವಾಗುತ್ತೆ, ಹೇಳ್ಬೇಡಿ ಅಂತಾರೆ. ಹೇಳ್ಬೇಡಿ ಅಂತಲೇ ಇನ್ನೊಂದು ಹೇಳಿ ಅಂತಾರೆ.”

ಮನೆಯಲ್ಲಿ ಅವರ ಜೋಕಿಗೆ ಕೊನೆಯ ಸಲ ಯಾರು ನಕ್ಕಿದ್ದರೋ ದೊಡ್ಡಮ್ಮನಿಗೆ ನೆನಪಾಗಲಿಲ್ಲ.

“ಆಯ್ತು, ಹೆಸರು ಹೇಳ್ಬೇಡಿ. ಯಾಕೆ ಗುನುಗ್ತೀರಿ ಅಂತಾದ್ರೂ ಹೇಳಿ. ನಿಮಗೆ ಆಪರೇಷನ್ನೂ ಆಗಿಲ್ಲ, ಕಾಯಿಲೆಯೂ ಇಲ್ಲ.”

“ಎಲ್ಲರೂ ಗುನುಗುವಾಗ ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ರೆ ಅನುಮಾನ ಬರಲ್ವಾ?”

“ಗುನುಗೋದೂ ಬಾಯಿ ಮುಚ್ಚಿಕೊಂಡೇ,” ಎಂದು ದೊಡ್ಡಮ್ಮ ಎದ್ದರು.

“ಹೋಗ್ತಾ ಒಂದು ಕೆಲಸ ಮಾಡು,” ದೊಡ್ಡಪ್ಪ ದನಿ ಇನ್ನೂ ತಗ್ಗಿಸಿದರು. “ಬೆಳಿಗ್ಗೆ ಒಬ್ಬರು ಬಂದು ಹೊಟ್ಟೆಯ ಕೂದಲು ಬೋಳಿಸಿ ಹೋದ್ರು. ನಾಳೆ ಅಂತೆ. ಏನು ನಾಳೆ ಅಂತ ಸ್ವಲ್ಪ ವಿಚಾರಿಸು.”

* * *

ಕಾರಿಡಾರಿನಲ್ಲಿ ಪುಟ್ಟಿ ಕಾಯುತ್ತಿದ್ದಳು. ಹಸಿರು ಟೋಪಿ ಇನ್ನೂ ತಲೆಯ ಮೇಲಿತ್ತು, ಮಾಸ್ಕು ಗಲ್ಲದ ಕೆಳಗೆ ಜೋತಿತ್ತು. ಮೂರು ದಿನಗಳ ನಿದ್ದೆಗೇಡು ಕಣ್ಣಿನ ಕೆಳಗೆ ಬಂದು ಕೂತಿತ್ತು.

“ಸಿಕ್ಕಿದ್ರಾ ದೊಡ್ಡಮ್ಮ?”

“ಒಬ್ಬರು ಸಿಕ್ಕಿದ್ರು. ಅವರನ್ನ ಹಿಡ್ಕೊಟ್ರೆ ನನ್ನ ಮನೇಲಿ ಅಡುಗೆ ಮಾಡೋರಿಲ್ಲ,” ಎಂದರು ದೊಡ್ಡಮ್ಮ. “ಇನ್ನೊಂದ್ಸಲ ಹೇಳು, ಗುನುಗಿದ್ರೆ ಏನಾಗುತ್ತೆ? ನಗಿಸೋ ಗಾಳಿ ಅಂದಿದ್ದೆ ಅಲ್ವಾ?”

“ಅಯ್ಯೋ, ಅದು ನೈಟ್ರಸ್. ಇದು ನೈಟ್ರಿಕ್. ಹೆಸರಿಗೆ ದಾಯಾದಿಗಳು, ಗುಣ ಬೇರೆ.” ಪುಟ್ಟಿ ಬೆರಳಿನಿಂದ ತನ್ನ ಕೆನ್ನೆಯ ಎಲುಬು ಮುಟ್ಟಿ ತೋರಿಸಿದಳು. “ಮೂಗಿನ ಅಕ್ಕಪಕ್ಕ ಪೊಳ್ಳು ಜಾಗ ಇದೆ. ಅಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಗಾಳಿ ತಾನಾಗೇ ಹುಟ್ಟುತ್ತೆ. ಸುಮ್ಮನೆ ಉಸಿರಾಡಿದ್ರೆ ಚೂರು ಬರುತ್ತೆ, ಗುನುಗಿದ್ರೆ ಬಹಳಷ್ಟು ಬರುತ್ತೆ. ಅದು ಶ್ವಾಸಕೋಶಕ್ಕೆ ಹೋದ್ರೆ ರಕ್ತನಾಳ ಸಡಿಲ ಆಗಿ ಆಮ್ಲಜನಕ ಚೆನ್ನಾಗಿ ಸೇರುತ್ತೆ. ಆಪರೇಷನ್ ಆದವರಿಗೆ ಇದರಿಂದ ಉಪಯೋಗ ಆಗುತ್ತಾ, ಇಲ್ವಾ ಅನ್ನೋದೇ ನನ್ನ ಪ್ರಶ್ನೆ.”

“ಗಾಳಿ ಸಿಲಿಂಡರಲ್ಲಿ ಸಿಗಲ್ವಾ? ಇಷ್ಟು ಜನರನ್ನ ಜೀರುಂಡೆ ಮಾಡೋ ಬದಲು ಅದನ್ನೇ ಕೊಡಬಹುದಿತ್ತು.”

“ಸಿಗುತ್ತೆ. ಐಸಿಯುನಲ್ಲಿ ತುಂಬಾ ಕಷ್ಟದಲ್ಲಿ ಇರೋರಿಗೆ ಕೊಡ್ತೀವಿ, ಹನಿ ಲೆಕ್ಕದಲ್ಲಿ. ಹೆಚ್ಚಾದ್ರೆ ಅದೇ ವಿಷ. ಅದಕ್ಕೇ ಬೀಗ ಹಾಕಿ ಇಟ್ಟಿರೋದು.” ಪುಟ್ಟಿ ಮಾತು ಬದಲಿಸಿದಳು. “ನಾಳೆ ಬೆಳಿಗ್ಗೆ ಈ ಸಂಶೋಧನೆ ಬಗ್ಗೆ ಸಭೆ ದೊಡ್ಡಮ್ಮ. ಸುಮ್ಮನಿರೋ ಕೋಣೆಯವರ ಉಸಿರು ಗುನುಗೋ ಕೋಣೆಯವರಿಗಿಂತ ಚೆನ್ನಾಗಿದೆ. ಇದು ಹೇಗೆ ಸಾಧ್ಯ? ನಾನೇ ಅಂಕಿ ತಿದ್ದಿ ಎಡವಟ್ಟು ಮಾಡ್ಕೊಂಡಿದೀನಿ ಅಂತ ನಮ್ಮ ವಿಭಾಗದ ಮುಖ್ಯಸ್ಥರು ಕ್ಯಾಂಟೀನಲ್ಲಿ ಕಾಫಿ ಕುಡೀತಾ ಎಲ್ಲರಿಗೂ ಹೇಳ್ತಿದಾರೆ. ಕೆಲಸ ಹೋದ್ರೆ ಹೋಗ್ಲಿ. ಕಳ್ಳಿ ಅನ್ನಿಸ್ಕೊಂಡು ಹೋಗೋದು ಬೇಡ.”

ಅವಳು ಚಿಕ್ಕಂದಿನಲ್ಲಿ ಆಟದಲ್ಲಿ ಮೋಸವಾದರೆ ಹೀಗೆಯೇ ಕೆಳತುಟಿ ಒಳಗೆ ಎಳೆದುಕೊಳ್ಳುತ್ತಿದ್ದಳು. ದೊಡ್ಡಮ್ಮ ಅವಳ ಟೋಪಿ ಸರಿಮಾಡಿದರು.

“ಊಟ ಮಾಡಿದ್ಯಾ?”

“ಆಮೇಲೆ.”

“ಮೊದಲು ಊಟ. ಕಳ್ಳರು ಎಲ್ಲೂ ಓಡಿಹೋಗಲ್ಲ, ಎಲ್ಲರ ಕೈಗೂ ಡ್ರಿಪ್ಪು ಹಾಕಿದೆ.”

* * *

ಗುನುಗುವ ಕೋಣೆಯಲ್ಲಿ ಗುನುಗು ಇರಲಿಲ್ಲ.

ಉಸಿರಿನ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವರನ್ನು ಎಲ್ಲರೂ ಉಸಿರು ಮೇಷ್ಟ್ರು ಎನ್ನುತ್ತಿದ್ದರು. ದೊಡ್ಡಮ್ಮನ ಪಟ್ಟಿಯಲ್ಲಿ ಅವರೇ ಮೊದಲ ಅನುಮಾನದ ಆಸಾಮಿ, ಏಕೆಂದರೆ ಈ ವಾರ್ಡಿನಲ್ಲಿ ಗುನುಗಿನ ಗುರು ಅವರೊಬ್ಬರೇ. ಈಗ ಅವರು ಕೋಣೆಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ ಹಡಗಿನ ಸೈರನ್ನಿನಂತೆ ಒಂದೇ ಉದ್ದನೆಯ ಗುಂಯ್ ಹೊರಡಿಸುತ್ತಿದ್ದರು. ರೋಗಿಗಳು ಹೊಟ್ಟೆಗೆ ದಿಂಬು ಒತ್ತಿಕೊಂಡು ಅವರನ್ನು ನೋಡುತ್ತಿದ್ದರು, ಅಷ್ಟೇ. ಒಬ್ಬರು ಬಿಸ್ಕತ್ತು ತಿನ್ನುತ್ತಿದ್ದರು. ಇನ್ನೊಬ್ಬರು ತುಟಿ ಮುಚ್ಚಿ ತಲೆ ಮಾತ್ರ ಆಡಿಸುತ್ತಿದ್ದರು, ಸದ್ದಿಲ್ಲ.

“ನೋಡಿ ಮೇಡಂ,” ಮೇಷ್ಟ್ರು ಏದುಸಿರು ಬಿಡುತ್ತ ಹೇಳಿದರು, “ಇವರ ಪಾಲಿನ ಗುನುಗನ್ನೂ ನಾನೇ ಗುನುಗ್ತಿದೀನಿ. ದಿನಾ ಸಂಜೆ ನನ್ನ ಮೂಗು ಅಳೆದ್ರೆ ಸಂಶೋಧನೆ ಅಮೋಘವಾಗಿ ಗೆದ್ದಿರುತ್ತೆ.”

“ಯಾಕೆ ಗುನುಗಲ್ಲ ಇವರು?”

“ಮಾಡಿ ಅಂತ ಹೇಳಿದ್ವಲ್ಲ, ಅದಕ್ಕೆ. ಮಾಡಲೇಬೇಕು ಅಂದ ತಕ್ಷಣ ಒಬ್ಬರಿಗೆ ತಲೆನೋವು, ಒಬ್ಬರಿಗೆ ನಾಚಿಕೆ, ಒಬ್ಬರಿಗೆ ನಿದ್ದೆ.”

ದೊಡ್ಡಮ್ಮನಿಗೆ ಲೆಕ್ಕದ ಅರ್ಧ ಅಲ್ಲಿಯೇ ಹೊಳೆಯಿತು. ಗುನುಗಿ ಅನ್ನಿಸಿಕೊಂಡವರು ಗುನುಗುತ್ತಿಲ್ಲ. ಬೇಡ ಅನ್ನಿಸಿಕೊಂಡವರು ಕಂಬಳಿಯೊಳಗೆ ಕದ್ದು ಹಗಲೆಲ್ಲ ಗುನುಗುತ್ತಿದ್ದಾರೆ. ಅಂಕಿ ತಿರುಗಾಮುರುಗಾ ಆಗದೆ ಇನ್ನೇನಾದೀತು?

“ಮೇಷ್ಟ್ರೇ, ನೀವು ಕಲಿಸೋ ಗುನುಗು ಇಷ್ಟೇನಾ? ಉದ್ದಕ್ಕೆ ಒಂದು? ಆಮೇಲೆ ಚಿಕ್ಕದಾಗಿ ಎರಡು ಇಲ್ವಾ?”

“ಚಿಕ್ಕದಾಗಿ ಎರಡು ಯಾಕೆ? ಉಸಿರು ಖಾಲಿ ಆಗೋವರೆಗೆ ಒಂದೇ.” ದೊಡ್ಡಮ್ಮ ಗುನುಗಿ ತೋರಿಸಿದಾಗ ಅವರು ಕಿವಿಗೊಟ್ಟು ಕೇಳಿ ನಕ್ಕರು. “ಇದು ಗುನುಗಲ್ಲ ಮೇಡಂ. ಫೋನು ನಡುಗೋ ಸದ್ದು.”

ದೊಡ್ಡಮ್ಮ ನಗಲಿಲ್ಲ. ದೊಡ್ಡಪ್ಪನಂಥ ಮನುಷ್ಯ ಸುಳ್ಳು ಹೇಳುವಾಗಲೂ ಹೊಸದಾಗಿ ಏನೂ ಹುಟ್ಟಿಸುವವರಲ್ಲ. ‘ಫೋನು ಕಣೇ’ ಎಂಬ ಮಾತನ್ನು ಯಾರೋ ಹೇಳಿಕೊಟ್ಟಿದ್ದರು. ಯಾರಾದರೂ ಕೇಳಿದರೆ ಫೋನು ಎನ್ನಿ, ಅನುಮಾನ ಬಾರದ ಹಾಗೆ ಗುನುಗನ್ನೂ ಫೋನಿನ ಹಾಗೆಯೇ ಗುನುಗಿ.

* * *

ಮಧ್ಯಾಹ್ನದ ವಿಶ್ರಾಂತಿ ಹೊತ್ತಿನಲ್ಲಿ ಈ ವಾರ್ಡಿನಲ್ಲಿ ನೊಣವೂ ಅಪ್ಪಣೆ ಕೇಳಿ ಹಾರಬೇಕಿತ್ತು. ಹೆಡ್ ಸಿಸ್ಟರಿಗೆ ರೋಗಿಗಳು ಕರ್ಫ್ಯೂ ಸಿಸ್ಟರ್ ಎಂದೇ ಹೆಸರಿಟ್ಟಿದ್ದರು. ಊಟವಾದ ಕೂಡಲೇ ಅವರು ಒಂದು ಟ್ರೇ ಹಿಡಿದು ಬಂದು ಎಲ್ಲರ ಫೋನುಗಳನ್ನೂ ಕಿತ್ತುಕೊಂಡು ಹೋಗಿ, ಸಂಜೆಯ ತನಕ ತಮ್ಮ ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದರು. ಮುಖ್ಯಸ್ಥರ ಫೋನು ವಾರ್ಡಿನಲ್ಲಿ ರಿಂಗಾದಾಗ ಅವರ ಮುಂದೆಯೂ ಟ್ರೇ ಚಾಚಿದವರು ಈಕೆ.

ಸಿಸ್ಟರು ಯಾರದೋ ಡ್ರಿಪ್ಪು ಬದಲಿಸಲು ಹೋಗಿದ್ದರು. ಮೇಜಿನಲ್ಲಿ ಎರಡು ಡ್ರಾಯರು, ಕೋಣೆಗೊಂದು. ಮೂಗು ತೂರಿಸುವುದು ದೊಡ್ಡಮ್ಮನ ವೃತ್ತಿ. ಅವರು ಗುನುಗುವ ಕೋಣೆಯ ಡ್ರಾಯರು ಎಳೆದರು. ಒಳಗೆ ಫೋನುಗಳು ಒತ್ತೊತ್ತಾಗಿ ಮಲಗಿದ್ದವು. ಅವರು ನೋಡುತ್ತಿದ್ದ ಹಾಗೆಯೇ ಒಂದು ಫೋನು ಮರದ ಮೇಲೆ ನಡುಗಿತು.

ಗುಂಯ್... ಗುಂ, ಗುಂ.

ದೊಡ್ಡಪ್ಪನ ಗುನುಗು, ಅಚ್ಚು ಒತ್ತಿದ ಹಾಗೆ.

ದೊಡ್ಡಮ್ಮ ಸುಮ್ಮನಿರುವ ಕೋಣೆಯ ಡ್ರಾಯರು ಎಳೆದರು. ಅದರಲ್ಲಿ ಒಂದು ಬಾಚಣಿಗೆ, ಅರ್ಧ ಹಿಂಡಿದ ಮುಲಾಮಿನ ಟ್ಯೂಬು, ಜೋಡಿ ಕಳೆದುಕೊಂಡ ಒಂದು ಕಾಲುಚೀಲ ಇದ್ದವು. ಒಂದು ಫೋನೂ ಇರಲಿಲ್ಲ.

ಅವರು ಡ್ರಾಯರನ್ನು ಮೆಲ್ಲಗೆ ಮುಚ್ಚಿದರು. ಮುಖ್ಯಸ್ಥರ ಫೋನನ್ನೂ ಬಿಡದ ಹೆಂಗಸು ಒಂದು ಕೋಣೆಗೆ ಮಾತ್ರ ಇಷ್ಟು ಉದಾರಿಯಾದದ್ದು ಯಾಕೆ? ಫೋನು ಎಂಬ ನೆಪ ನಿಲ್ಲಬೇಕಾದರೆ ಕೋಣೆಯಲ್ಲಿ ಫೋನು ಇರಬೇಕು. ಅದಕ್ಕೆ.

* * *

ಔಷಧಿ ಕೋಣೆಯಲ್ಲಿ ಕರ್ಫ್ಯೂ ಸಿಸ್ಟರ್ ಸಂಜೆಯ ಮಾತ್ರೆಗಳನ್ನು ಸಣ್ಣ ಬಟ್ಟಲುಗಳಿಗೆ ಹಾಕುತ್ತಿದ್ದರು. ದೊಡ್ಡಮ್ಮ ಬಾಗಿಲಲ್ಲೇ ನಿಂತರು. ಬಾಗಿಲ ಹಿಂದೆ ಪುಟ್ಟಿ, ‘ನಾನು ಕರೆಯೋವರೆಗೆ ಉಸಿರೆತ್ತಬೇಡ’ ಎಂದು ಹೇಳಿಸಿಕೊಂಡು ನಿಂತಿದ್ದಳು.

“ಸಿಸ್ಟರ್, ಒಂದು ಸಣ್ಣ ಸಂದೇಹ. ಆ ಕಡೆ ರೂಮಿನವರ ಫೋನು ಎಲ್ಲಿ?”

“ಡ್ರಾಯರಲ್ಲಿ.”

“ಈ ಕಡೆಯವರದ್ದು?”

ಸಿಸ್ಟರ ಕೈ ನಿಲ್ಲಲಿಲ್ಲ. “ಅವರವರ ಹತ್ರ. ಈ ಕಡೆಯವರು ಸಭ್ಯರು ಅಮ್ಮಾವ್ರೇ. ನಂಬಿಕೆ ಮೇಲೆ ಬಿಟ್ಟಿದೀನಿ.”

“ನನ್ನ ಯಜಮಾನರೂ ಆ ರೂಮಲ್ಲೇ ಇದಾರೆ. ಅವರನ್ನ ನಾನೇ ನಂಬಲ್ಲ.”

ಒಂದು ಮಾತ್ರೆ ಬಟ್ಟಲು ತಪ್ಪಿ ನೆಲಕ್ಕೆ ಬಿದ್ದು ಉರುಳಿತು. ಇಬ್ಬರೂ ಅದು ನಿಲ್ಲುವ ತನಕ ನೋಡಿದರು.

“ಅವರು ನಿಮ್ಮ ಯಜಮಾನರಾ?” ಸಿಸ್ಟರು ಕೇಳಿದರು. “ನಾಳೆ ಹೊಟ್ಟೆ ಆಪರೇಷನ್ ಅಂತ ಹಾಕಿದೆಯಲ್ಲ.”

“ಅದನ್ನ ಆಮೇಲೆ ನೋಡ್ಕೊಳ್ಳೋಣ. ಗುಂಯ್, ಗುಂ ಗುಂ. ಇದನ್ನ ನೀವೇ ಕಲಿಸಿದ್ದು ತಾನೆ?”

ಸಿಸ್ಟರು ಬಟ್ಟಲುಗಳ ಟ್ರೇಯನ್ನು ದೂರ ಸರಿಸಿ ನೆಟ್ಟಗೆ ನಿಂತರು. “ಹೌದು, ಕಲಿಸಿದೆ. ಫೋನಿನ ಉಪಾಯವೂ ನನ್ನದೇ. ಏನೀಗ?”

ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ದೊಡ್ಡಮ್ಮ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕೇಳಬೇಕೆಂದಿದ್ದ ಮುಂದಿನ ಪ್ರಶ್ನೆಗಳೆಲ್ಲ ವ್ಯರ್ಥವಾದವು.

“ಯಾಕೆ?” ಎಂದಷ್ಟೇ ಕೇಳಿದರು.

“ಆ ಟೈಲರು ಒಂದಿನ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಎದುರುಗಡೆಯವರಿಗೆ ಮೇಷ್ಟ್ರು ಇಟ್ಟು ಉಸಿರು ಕಲಿಸ್ತಾರೆ, ನಾವು ಮಾತ್ರ ಕಲ್ಲಿನ ಹಾಗೆ ಬಿದ್ದಿರಬೇಕಾ, ನಮ್ಮ ಮೂಗು ಏನು ಪಾಪ ಮಾಡಿದೆ ಸಿಸ್ಟರ್, ಅಂತ. ಏನು ಹೇಳ್ಲಿ? ಚೀಟಿ ಎತ್ತಿದಾಗ ನಿಮ್ಮ ಹೆಸರು ಈ ಕಡೆ ಬಂತು ಅಂತ ಹೇಳ್ಲಾ? ನನ್ನ ಬಾಯಿಂದ ಆಗಲಿಲ್ಲ ಅಮ್ಮಾವ್ರೇ. ಒಬ್ಬರಿಗೆ ಕಲಿಸಿದ್ದೆ. ಮಾರನೇ ದಿನ ಬಂದು ನೋಡಿದ್ರೆ ರೂಮೆಲ್ಲ ಫೋನಾಗಿತ್ತು.”

ಬಾಗಿಲ ಹಿಂದಿನಿಂದ ಪುಟ್ಟಿ ಕರೆಯದೆಯೇ ಬಂದುಬಿಟ್ಟಳು.

“ಅದು ಒಳ್ಳೇದು ಅಂತ ನಿಮಗೆ ಯಾರು ಹೇಳಿದ್ದು ಸಿಸ್ಟರ್?”

ಸಿಸ್ಟರು ಬೆಚ್ಚಿದರೂ ಹಿಂದೆ ಸರಿಯಲಿಲ್ಲ. “ಇಷ್ಟೊಂದು ಮೆಷಿನ್ನು ತಂದು ಅಳೀತಿದೀರಲ್ಲ ಡಾಕ್ಟ್ರೇ. ಒಳ್ಳೇದಲ್ಲದೆ ಇರೋದನ್ನ ಯಾರು ಅಳೀತಾರೆ?”

“ಒಳ್ಳೇದೋ ಕೆಟ್ಟದ್ದೋ ಗೊತ್ತಿಲ್ಲ ಅಂತಲೇ ಅಳೀತಿರೋದು. ಗೊತ್ತಿದ್ದಿದ್ರೆ ಎರಡೂ ರೂಮಲ್ಲಿ ನಾನೇ ನಿಂತು ಗುನುಗಿಸ್ತಿದ್ದೆ. ಟೈಲರಿಗೆ ಹೊಟ್ಟೆ ಕೊಯ್ದು ಇನ್ನೂ ವಾರ ಆಗಿಲ್ಲ. ಎದುರು ರೂಮಲ್ಲಿ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿಯೋದನ್ನ ಮೊದಲು ಕಲಿಸಿ, ಆಮೇಲೆ ಗುನುಗಿಸ್ತಾರೆ. ನಿಮ್ಮವರು ಕಂಬಳಿ ಒಳಗೆ ಏನು ಒತ್ತಿ ಹಿಡ್ಕೊಂಡಿದ್ರು?”

“ಬಾಯಿ,” ಎಂದರು ಸಿಸ್ಟರು.

ಪುಟ್ಟಿಯ ದನಿ ಇಳಿಯಿತು. “ಒಂದು ಹೊಲಿಗೆ ಬಿಟ್ಟಿದ್ರೂ ಮತ್ತೆ ಆಪರೇಷನ್. ಯಾಕೆ ಬಿಡ್ತು ಅಂತ ನನಗೆ ತಿಳೀತಾನೂ ಇರಲಿಲ್ಲ. ನನ್ನ ದಾಖಲೆಯಲ್ಲಿ ಅವರೆಲ್ಲ ಸುಮ್ಮನಿದ್ದಾರೆ ಅಂತ ಇತ್ತು. ನೀವು ದಯೆ ತೋರಿಸಿದ್ರಿ, ಸರಿ. ಆದರೆ ಕತ್ತಲಲ್ಲಿ ತೋರಿಸಿದ್ರಿ.”

ಕರ್ಫ್ಯೂ ಸಿಸ್ಟರ್ ಹತ್ತಿರದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರು ಕುಳಿತದ್ದನ್ನು ಈ ವಾರ್ಡಿನಲ್ಲಿ ಯಾರೂ ನೋಡಿರಲಿಲ್ಲ. “ನಾಳೆ ಸಭೆಗೆ ನಾನೇ ಬಂದು ಹೇಳ್ತೀನಿ,” ಎಂದರು. “ನೀವು ಅಂಕಿ ತಿದ್ದಿಲ್ಲ, ನಾನು ಮೂಗು ತಿದ್ದಿದ್ದು ಅಂತ.”

ದೊಡ್ಡಮ್ಮನಿಗೆ ಹಗುರವೆನಿಸಿತು. ಪುಟ್ಟಿಯ ಹೆಸರು ಉಳಿಯಿತು. ಇನ್ನು ಯಾವನಾದರೂ ಸರ್ಜನ್ನು ಬಂದು ಕೊಯ್ಯುವ ಮೊದಲು ಗಂಡನನ್ನು ಬಿಡಿಸಿಕೊಂಡು ಮನೆಗೆ ಹೋಗಬೇಕು. ಕ್ಲೇಮು ಮುಚ್ಚುವ ಮುನ್ನ ಕೇಳುವ ಕೊನೆಯ ಪ್ರಶ್ನೆಯೊಂದು ಮಾತ್ರ ರೂಢಿಯಂತೆ ಬಾಯಿಗೆ ಬಂತು.

“ರೂಮಲ್ಲಿರೋ ಎಲ್ಲರೂ ಕಲಿತ್ರು ತಾನೆ? ಯಾರೂ ಬಿಟ್ಟುಹೋಗಿಲ್ಲವಲ್ಲ?”

“ಕಿಟಕಿ ಹತ್ರದವರನ್ನ ಬಿಟ್ಟು. ಅವರಿಗೆ ಗುನುಗಕ್ಕೆ ಆಗಲ್ಲ. ಕುತ್ತಿಗೇಲಿ ತೂತು ಮಾಡಿ ಟ್ಯೂಬು ಹಾಕಿದೆ, ಅದರಲ್ಲೇ ಉಸಿರಾಟ. ಮೂಗಿಗೆ ಗಾಳಿಯೇ ಹೋಗಲ್ಲ.” ಸಿಸ್ಟರು ಸೆರಗಿನಿಂದ ಮೂಗು ಒರೆಸಿಕೊಂಡರು. “ಆದರೂ ವಿಚಿತ್ರ ನೋಡಿ. ಎಲ್ಲರಿಗಿಂತ ಬೇಗ ಹುಷಾರಾಗ್ತಿರೋದು ಅವರೇ. ಹೋದ ವಾರ ಎದ್ದು ಕೂರಕ್ಕೂ ಆಗ್ತಿರಲಿಲ್ಲ. ನಿನ್ನೆ ಕಿಟಕಿ ತನಕ ನಡೆದು ಹೋಗಿ ಹೊರಗಡೆ ನೋಡ್ತಾ ನಿಂತಿದ್ರು.”

“ಅವರು ಸಂಶೋಧನೆಯಲ್ಲಿ ಇಲ್ಲ,” ಪುಟ್ಟಿ ತಟ್ಟನೆ ಹೇಳಿದಳು. “ಐಸಿಯುನಲ್ಲಿ ಜಾಗ ಇಲ್ಲ ಅಂತ ಇಲ್ಲಿ ಮಲಗಿಸಿರೋದು. ಅವರ ಲೆಕ್ಕ ಬೇಡ ದೊಡ್ಡಮ್ಮ.”

“ಲೆಕ್ಕ ಬೇಡ. ಸುಮ್ಮನೆ ನೋಡ್ಕೊಂಡು ಬರೋಣ,” ಎಂದು ದೊಡ್ಡಮ್ಮ ಹೊರಟರು.

* * *

ಕಿಟಕಿ ಪಕ್ಕದವರು ಹರಾಜು ಕೂಗುವ ಕೆಲಸದವರು. ಶ್ವಾಸಕೋಶದ ಸೋಂಕಿನಿಂದ ಬಹಳ ದಿನ ಐಸಿಯುನಲ್ಲಿದ್ದು ಬಂದಿದ್ದರು. ಇಡೀ ಮಾರುಕಟ್ಟೆಗೆ ಕೇಳಿಸುತ್ತಿದ್ದ ಗಂಟಲು ಈಗ ಕತ್ತಿನ ಟ್ಯೂಬಿನಿಂದಾಗಿ ಪೂರ್ತಿ ಮೂಕ. ಮಾತೆಲ್ಲ ಕೈಯಲ್ಲಿಯೇ. ಅವರು ದಿಂಬಿಗೆ ಒರಗಿ, ಬಂದವರನ್ನು ಕಂಡು ಮನೆಯ ಯಜಮಾನನಂತೆ ಕುರ್ಚಿ ತೋರಿಸಿದರು.

ದೊಡ್ಡಮ್ಮ ಕೂರಲಿಲ್ಲ. ಆ ಮನುಷ್ಯನ ತುಟಿಯ ಬಣ್ಣ ಅವರಿಗೆ ಸರಿಕಾಣಲಿಲ್ಲ. ಬೂದಿ ಬಳಿದ ಹಾಗಿತ್ತು.

ಪುಟ್ಟಿ ಅದನ್ನು ಮೊದಲೇ ಕಂಡಿದ್ದಳು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಯಂತ್ರ ಎಂಬತ್ತೈದು ತೋರಿಸುತ್ತಿತ್ತು. ಅವಳು ಆಮ್ಲಜನಕದ ತಿರುಪು ಹೆಚ್ಚಿಸಿದಳು. ಎಂಬತ್ತೈದು. ಇನ್ನೂ ಹೆಚ್ಚಿಸಿದಳು. ಎಂಬತ್ತೈದು. ಅಂಕಿ ಮೊಳೆ ಹೊಡೆದ ಹಾಗೆ ಅಲ್ಲೇ ನಿಂತಿತ್ತು.

“ಸಿಸ್ಟರ್, ಸಿರಿಂಜು ಕೊಡಿ.”

ಮಣಿಕಟ್ಟಿನಿಂದ ರಕ್ತ ಸಿರಿಂಜಿಗೆ ಏರಿತು. ಕರ್ಫ್ಯೂ ಸಿಸ್ಟರು ಬಾಯಿಗೆ ಕೈ ಇಟ್ಟುಕೊಂಡರು. ಅದು ಕೆಂಪಗಿರಲಿಲ್ಲ. ಚಾಕಲೇಟು ಕರಗಿಸಿದ ಹಾಗೆ ಕಂದು ಬಣ್ಣಕ್ಕಿತ್ತು.

“ಏನದು?” ಎಂದರು ದೊಡ್ಡಮ್ಮ.

“ನೈಟ್ರಿಕ್ ಆಕ್ಸೈಡ್,” ಪುಟ್ಟಿಯ ತುಟಿ ಒಣಗಿತ್ತು. “ಅದು ಹೆಚ್ಚಾದ್ರೆ ರಕ್ತ ಹೀಗಾಗುತ್ತೆ. ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ. ಮೂಗಿಂದ ಇಷ್ಟು ಬರಲ್ಲ. ನೂರು ಜನ ಗುನುಗಿದ್ರೂ ಬರಲ್ಲ.”

“ಹಾಗಾದ್ರೆ ಸಿಲಿಂಡರು.”

ಪುಟ್ಟಿ ಡ್ರಿಪ್ಪಿನ ಕಡೆ ತಿರುಗಿದಳು. ಅವಳ ಕೈಗಳು ಮಾತ್ರ ಕೆಲಸ ಮಾಡುತ್ತಿದ್ದವು. ಮದ್ದು ಹೇಳಿದಳು, ಸಿಸ್ಟರು ಓಡಿ ತಂದರು. ಶಾಯಿಯಂಥ ಕಡುನೀಲಿ ಮದ್ದು ಡ್ರಿಪ್ಪಿನ ನಾಳದಲ್ಲಿ ನಿಧಾನವಾಗಿ ಇಳಿಯಿತು. ಎಲ್ಲರೂ ಯಂತ್ರವನ್ನೇ ನೋಡುತ್ತ ನಿಂತರು. ಅತ್ತ ಕೋಣೆಯ ಮೂಲೆಯಲ್ಲಿ ದೊಡ್ಡಪ್ಪ ಯಾರಿಗೋ ಜೋಕು ಹೇಳುತ್ತಿದ್ದದ್ದೂ ನಿಂತಿತು. ಬಹಳ ಹೊತ್ತಾದ ಮೇಲೆ ಅಂಕಿ ಒಂದು ಮೆಟ್ಟಿಲು ಹತ್ತಿತು, ಆಮೇಲೆ ಇನ್ನೊಂದು. ತುಟಿಗೆ ಬಣ್ಣ ಮರಳತೊಡಗಿತು.

ದೊಡ್ಡಮ್ಮ ಆ ಹೊತ್ತಿನಲ್ಲಿ ಬಗ್ಗಿ ಮಂಚದ ಹಿಂದೆ ನೋಡಿದರು. ಸಾಮಾನು ಇಡುವ ಪೆಟ್ಟಿಗೆಗೂ ಗೋಡೆಗೂ ನಡುವೆ ಸಪೂರದ ಪ್ಲಾಸ್ಟಿಕ್ ನಾಳವೊಂದು ಸುರುಳಿ ಸುತ್ತಿ ಬಿದ್ದಿತ್ತು. ಅದರ ಒಂದು ತುದಿ ಕತ್ತಿನ ಟ್ಯೂಬಿಗೆ ಸರಿಹೊಂದುವಂತಿತ್ತು. ಇನ್ನೊಂದು ತುದಿಗೆ ಏನೂ ಇರಲಿಲ್ಲ. ಯಾರೋ ಸಿಲಿಂಡರು ಬಿಚ್ಚಿಕೊಂಡು ಹೋಗಿದ್ದರು, ಮತ್ತೆ ಬರುವವರ ಹಾಗೆ ನಾಳವನ್ನು ಬಿಟ್ಟು ಹೋಗಿದ್ದರು.

ಅವರು ಕರವಸ್ತ್ರದಲ್ಲಿ ಅದನ್ನು ಎತ್ತಿಕೊಂಡು ಹರಾಜಿನವರ ಮುಂದೆ ಹಿಡಿದರು.

“ಇದನ್ನ ನಿಮಗೆ ಹಾಕ್ತಿದ್ದವರು ಯಾರು ಅಂತ ಗೊತ್ತಾ?”

ಅವರು ತಲೆಯಾಡಿಸಿದರು. ಗೊತ್ತು.

“ಈ ಆಸ್ಪತ್ರೆಯವರಾ?”

ಹೌದು.

“ತೋರಿಸಕ್ಕಾಗುತ್ತಾ?”

ಹರಾಜಿನವರು ದೊಡ್ಡಮ್ಮನ ಮುಖವನ್ನು ನೋಡಿದರು, ಕ್ಷಮೆ ಕೇಳುವವರ ಹಾಗೆ. ಆಮೇಲೆ ಕೈಯೆತ್ತಿ, ಹರಾಜಿನಲ್ಲಿ ಕೊಂಡವರನ್ನು ಸಾರುವ ಅದೇ ಖಚಿತವಾದ ಬೆರಳನ್ನು ಚಾಚಿದರು.

ಬೆರಳಿನ ನೇರಕ್ಕೆ ಪುಟ್ಟಿ ನಿಂತಿದ್ದಳು. ಅವಳ ಹಿಂದೆ ಬಾಗಿಲಿತ್ತು. ಬಾಗಿಲಲ್ಲಿ ಯಾರಾದರೂ ಇರಬಹುದು ಎಂದು ದೊಡ್ಡಮ್ಮ ಹೊರಳಿ ನೋಡಿದರು. ಯಾರೂ ಇರಲಿಲ್ಲ.

“ಪುಟ್ಟಿ, ಸ್ವಲ್ಪ ಈ ಕಡೆ ಬಾ,” ಎಂದರು.

ಪುಟ್ಟಿ ಕಿಟಕಿಯ ಕಡೆ ಸರಿದಳು. ಬೆರಳೂ ಸರಿಯಿತು.

ದೊಡ್ಡಮ್ಮ ತಮ್ಮ ಕೆಲಸದಲ್ಲಿ ಒಂದು ಸಂಗತಿ ಕಂಡುಕೊಂಡಿದ್ದರು. ತಪ್ಪು ಮಾಡದವರ ಮೇಲೆ ಆರೋಪ ಬಂದರೆ ಅವರಿಗೆ ಮೊದಲು ಬರುವುದು ಸಿಟ್ಟು. ಹೆದರಿಕೆ, ಅಳು ಎಲ್ಲ ಆಮೇಲೆ. ಅವರು ತಂಗಿಯ ಮಗಳ ಮುಖದಲ್ಲಿ ಆ ಸಿಟ್ಟು ಬರಲೆಂದು ಕಾದರು. ಸಿಟ್ಟು ಮಾಡಿಕೊ ಮಗಳೇ, ಕೂಗಾಡು, ಆ ಮುದುಕನಿಗೆ ಬಯ್ಯು ಎಂದು ಒಳಗೊಳಗೆ ಬೇಡಿಕೊಂಡರು.

ಪುಟ್ಟಿ ಕೋಟಿನ ಜೇಬಿನ ಮೇಲೆ ಮೆಲ್ಲಗೆ ಅಂಗೈ ಇಟ್ಟುಕೊಂಡಳು. ಒಳಗೆ ಬೀಗದ ಕೈಗಳು ಒಂದಕ್ಕೊಂದು ತಾಗಿದ ಸದ್ದಾಯಿತು.

“ದೊಡ್ಡಮ್ಮ,” ಎಂದಳು, ದನಿ ಸಮವಾಗಿತ್ತು. “ಗುನುಗಿನ ಕೇಸು ಮುಗೀತಲ್ಲ. ಇದನ್ನ ಇಲ್ಲಿಗೇ ಬಿಟ್ಟು ದೊಡ್ಡಪ್ಪನನ್ನ ಕರ್ಕೊಂಡು ಮನೆಗೆ ಹೋಗು.”

ದೊಡ್ಡಮ್ಮ ಹರಾಜಿನವರು ತೋರಿಸಿದ್ದ ಕುರ್ಚಿಯನ್ನು ಎಳೆದುಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಕುಳಿತರು.

“ಮನೆ ಎಲ್ಲೂ ಹೋಗಲ್ಲ,” ಎಂದರು. “ಆ ಪರದೆ ಎಳೆ. ಆಮೇಲೆ ನನ್ನ ಮುಖ ನೋಡಿ ಮಾತಾಡು.”